ತಾಡಪತ್ರಿಯ ಒಳಗಿನ ಮಳೆ

ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಶಾಲೆಗಳಿಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಗಡಿಭಾಗದ ಶಾಲೆಗಳು ತೆರೆಯುವುದು ಜೂನ್ ನಡುವಿನಲ್ಲಿ, ಮುಂಗಾರು ಕಾಲಿಡುವುದೂ ಆಗಲೇ. ಸೊಲ್ಲಾಪುರ ದಾಟಿ ಉಮರ್ಗಾ ಕಡೆ ಬರುವ ಲಾರಿಯಲ್ಲಿ ಪುಸ್ತಕದ ಕಟ್ಟುಗಳಿರಲಿ, ನಿಲಂಗಾ, ಉದಗೀರಕ್ಕೆ ಹೊರಟ ತೇಗದ ಬಾಗಿಲುಗಳಿರಲಿ, ಮೇಲೊಂದು ತಾಡಪತ್ರಿ ಬಿಗಿದರೆ ಮಾಲು ಭದ್ರ ಎಂಬ ನಂಬಿಕೆ. ಹೊರಗಿನ ಮಳೆಗೆ ಅಷ್ಟು ಸಾಕು. ಆದರೆ ಸರಕು ತನ್ನೊಳಗೇ ಹೊತ್ತು ತರುವ ನೀರು?

ಕಾಗದವೂ ಕಟ್ಟಿಗೆಯೂ ಮೂಲತಃ ಸೆಲ್ಯುಲೋಸ್ ನಾರು. ಅದಕ್ಕೆ ನೀರಿನ ಅಣುವೆಂದರೆ ಬಲು ಸೆಳೆತ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದಾಗ ಕಟ್ಟಿಗೆಯ ತೇವ ಸುಮಾರು ಶೇ. 12ಕ್ಕೆ ನಿಲ್ಲುತ್ತದೆ, ಆರ್ದ್ರತೆ 90 ಮುಟ್ಟಿದರೆ ತೇವ 20ರ ಹತ್ತಿರ ಹೋಗುತ್ತದೆ.

ಈಗ ಲೆಕ್ಕ ನೋಡಿ. 20 ಅಡಿಯ ಕಂಟೇನರಿನಲ್ಲಿ ಹಿಡಿಯುವುದು ಸುಮಾರು 33 ಘನ ಮೀಟರ್ ಗಾಳಿ. 30 ಡಿಗ್ರಿ ಸೆಕೆಯಲ್ಲಿ, ಆರ್ದ್ರತೆ ಶೇ. 80 ಇದ್ದರೂ, ಅಷ್ಟು ಗಾಳಿಯಲ್ಲಿರುವ ನೀರು ಒಂದು ಲೀಟರಿಗಿಂತ ಕಡಿಮೆ. ಒಣತೂಕ ಒಂದು ಟನ್ ಇರುವ ಕಟ್ಟಿಗೆಯ ತೇವ 20ರಿಂದ 12ಕ್ಕೆ ಇಳಿದರೋ, ಹೊರಬೀಳುವುದು 80 ಲೀಟರ್! ದಾರಿಯಲ್ಲೇ ಅಷ್ಟೂ ಬರುವುದಿಲ್ಲ. ಹತ್ತರಲ್ಲೊಂದು ಪಾಲು ಬಂದರೂ 8 ಲೀಟರ್.

ಹಗಲ ಬಿಸಿಲಿಗೆ ಕಾದ ಹಲಗೆ ಆವಿ ಬಿಡುತ್ತದೆ. ರಾತ್ರಿ ಮೇಲಿನ ತಗಡು ಇಲ್ಲವೇ ತಾಡಪತ್ರಿ ತಣ್ಣಗಾದಾಗ ಆ ಆವಿ ಅದರ ಒಳಮೈಗೆ ಹನಿಗಟ್ಟಿ ಮೇಲಿನ ಸಾಲಿನ ಮೇಲೆ ತೊಟ್ಟಿಕ್ಕುತ್ತದೆ. ನೀರು ಕುಡಿದ ನಾರು ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಪುಸ್ತಕದ ಅಂಚು ಅಲೆಯಲೆಯಾಗುವುದೂ, ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವುದೂ ಇದರಿಂದಲೇ. ಆರ್ದ್ರತೆ ಶೇ. 90ರ ಸುಮಾರಿಗೆ ರಟ್ಟಿನ ಡಬ್ಬಿ ತನ್ನ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಕುಸಿಯುವುದು ಕೆಳಗಿನ ಸಾಲು.

ಆದ್ದರಿಂದ ಮೊದಲು ಒಣಗಿಸಬೇಕು, ಆಮೇಲೆ ಮುಚ್ಚಬೇಕು. ಹಸಿ ಮಾಲಿಗೆ ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ತೇವಮಾಪಕದ ಎರಡು ಸೂಜಿಗಳನ್ನು ಹಲಗೆಗೆ ಚುಚ್ಚಿದರೆ, ವಿದ್ಯುತ್ತಿಗೆ ಅದು ಒಡ್ಡುವ ತಡೆಯಿಂದಲೇ ತೇವ ಗೊತ್ತಾಗುತ್ತದೆ. ಅಡಿಗೆ ಹಾಕುವ ಪ್ಯಾಲೆಟ್ಟನ್ನೂ ಹೀಗೆಯೇ ನೋಡಬೇಕು. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಕಟ್ಟುಗಳು ಗೋಡೆಗೆ ತಾಗದಿರಲಿ, ಮೇಲೆ ಹನಿ ಹೀರಲು ರಟ್ಟಿನ ಹಾಳೆ ಹಾಸಿರಲಿ.

ತೇವ ಹೀರುವ ಪೊಟ್ಟಣಗಳ ಸರದಿ ಕೊನೆಯದು. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದರಷ್ಟು ನೀರು ಹೀರೀತು. ಕ್ಯಾಲ್ಸಿಯಂ ಕ್ಲೋರೈಡ್ ತನ್ನ ತೂಕಕ್ಕೂ ಮಿಗಿಲಾಗಿ ಹೀರುತ್ತದೆ, ಆದರೆ ತಾನೇ ಕರಗಿ ಉಪ್ಪುನೀರಾಗುವುದರಿಂದ ಸೋರದ ಚೀಲ ಬೇಕು. ಹಸಿ ಹಲಗೆ ತುಂಬಿ ಕಳಿಸಿದ ಲಾರಿಗೆ ಇಂಥ ನಾಲ್ಕು ಚೀಲ ಯಾವ ಮೂಲೆಗೂ ಸಾಲವು.