ಮಂದ ಉರಿಯ ಅಡಿಗೆ

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ‘ನಮ್ಮ ಮನೆಯ ರಾತ್ರಿಯೂಟ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದ್ದೆನು. ಜೋಳದ ರೊಟ್ಟಿ, ಪುಂಡಿಪಲ್ಲೆ, ಅನ್ನ, ಸಾರು, ಮೊಟ್ಟೆಯ ಪಲ್ಲೆ ಎಂದು ಎಲ್ಲರೂ ಸಂತೋಷದಿಂದ ಬರೆದಿದ್ದರು. ಒಬ್ಬ ಹುಡುಗನ ಪುಸ್ತಕದಲ್ಲಿ ಮಾತ್ರ ನಾಲ್ಕು ಸಾಲು ಬರೆದು ರಬ್ಬರಿನಿಂದ ಅಳಿಸಿದ ಗುರುತಿತ್ತು. ಅದರ ಮೇಲೆ ‘ಅನ್ನ ಸಾರು’ ಎಂಬ ಎರಡೇ ಪದಗಳಿದ್ದವು. ತರಗತಿ ಮುಗಿದ ಮೇಲೆ ಅವನನ್ನು ಕರೆದು ಕೇಳಿದೆನು. ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, “ಬರೆದರೆ ನಗ್ತಾರ್ರೀ ಸರ್” ಎಂದನು. ಅವನ ತಾಯಿ ಬೆಳಗಿನ ಪಾಳಿಯಲ್ಲಿ ಕಾರಖಾನೆಗೆ ಹೋಗುವವರು. ಹೋಗುವ ಮುನ್ನ ವಿದ್ಯುತ್ತಿನ ಒಂದು ಗಡಿಗೆಯಲ್ಲಿ ಎಮ್ಮೆಯ ಮಾಂಸವನ್ನೂ ಅಣಬೆಯನ್ನೂ ಹಾಕಿ ಮುಚ್ಚಿಡುತ್ತಾರೆ. ಸಂಜೆ ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಅವನು ಅಳಿಸಿದ್ದು ಇದನ್ನು.

ಮುಂದಿನ ಭಾನುವಾರ ಅವರ ಮನೆಗೆ ಹೋದೆನು. “ಬರ್ರಿ ಸರ್, ಕುಂದರ್ರಿ” ಎಂದು ಆ ತಾಯಿ ಆದರದಿಂದ ಬರಮಾಡಿಕೊಂಡು, ತಮ್ಮ ಅಡಿಗೆಯ ಕ್ರಮವನ್ನೆಲ್ಲ ತೋರಿಸಿದರು. ಅವರ ಒಪ್ಪಿಗೆಯನ್ನು ಪಡೆದು, ಹೆಸರನ್ನು ಹೇಳದೆ, ಅಲ್ಲಿ ಕಂಡುದನ್ನೂ ಓದಿ ತಿಳಿದುದನ್ನೂ ಇಲ್ಲಿ ವಿವರಿಸುತ್ತೇನೆ.

ಅಡಿಗೆಯ ಬೆಂಕಿಯಲ್ಲಿ ಎರಡು ಬಗೆಯುಂಟು. ಭರದ ಉರಿಯಲ್ಲಿ ಬೇಗ ಬೇಯಿಸುವುದು ಒಂದು. ಮಂದ ಉರಿಯಲ್ಲಿ ಬಹಳ ಹೊತ್ತು ಬೇಯಿಸುವುದು ಇನ್ನೊಂದು. ಎರಡನೆಯದು ಹೊಸದೇನೂ ಅಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗೆಯನ್ನಿಟ್ಟು ಮಧ್ಯಾಹ್ನವೆಲ್ಲ ಕಾಯಿಸುವುದನ್ನು ನಿಮ್ಮ ಅಜ್ಜಿಯರು ಬಲ್ಲರು. ಸಂಜೆಯ ಹೊತ್ತಿಗೆ ಆ ಹಾಲು ಕೆಂಬಣ್ಣಕ್ಕೆ ತಿರುಗಿ ದಪ್ಪನೆಯ ಕೆನೆ ಕಟ್ಟಿರುತ್ತದೆ.

ನಮ್ಮ ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋದವರು ಇದರ ಇನ್ನೊಂದು ಉದಾಹರಣೆಯನ್ನು ನೋಡಬಹುದು. 2023ರವರೆಗೆ ಔರಂಗಾಬಾದ್ ಎನಿಸಿದ್ದ ಆ ನಗರವು ‘ನಾನ್ ಖಲಿಯಾ’ ಎಂಬ ಊಟಕ್ಕೆ ಹೆಸರಾದುದು. ಮಾಂಸವನ್ನು ಮಸಾಲೆಯೊಡನೆ ದೊಡ್ಡ ಹಂಡೆಗಳಲ್ಲಿ ಗಂಟೆಗಟ್ಟಲೆ ಮಂದವಾಗಿ ಬೇಯಿಸಿದ ಸಾರು ಖಲಿಯಾ. ಅದರೊಡನೆ ತಿನ್ನುವ, ತಂದೂರಿನಲ್ಲಿ ಸುಟ್ಟ ಮೆತ್ತನೆಯ ರೊಟ್ಟಿ ನಾನ್. 1327ರಲ್ಲಿ ಮಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದಿಲ್ಲಿಯಿಂದ ದೇವಗಿರಿಗೆ ಸಾಗಿಸಿ, ಅದಕ್ಕೆ ದೌಲತಾಬಾದ್ ಎಂದು ಹೆಸರಿಟ್ಟುದನ್ನು ನೀವು ಚರಿತ್ರೆಯಲ್ಲಿ ಓದಿದ್ದೀರಿ. ಆ ದಂಡಿನವರ ಊಟವೇ ನಾನ್ ಖಲಿಯಾ ಎಂದು ಅಲ್ಲಿಯ ಜನ ಹೇಳುವರು. ಆ ದೇವಗಿರಿಯಾದರೂ ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ ಯಾದವರ ರಾಜಧಾನಿಯಾಗಿತ್ತು. ಸಮೀಪದ ವೇರೂಳದ ಕೈಲಾಸ ದೇವಾಲಯವು ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ ಕೊರೆದುದು. ಪರಸ್ಥಳವೆಂದು ನಾವು ಎಣಿಸುವ ಈ ನಾಡು ನಮಗೆ ಅಷ್ಟೊಂದು ಪರಕೀಯವಲ್ಲ.

ಇನ್ನು, ಮಂದ ಉರಿಯೇ ಏಕೆ ಬೇಕು ಎಂಬ ಪ್ರಶ್ನೆ. ಪ್ರಾಣಿಯ ದೇಹದಲ್ಲಿ ಬಹಳ ದುಡಿಯುವ ಭಾಗಗಳು ಕಾಲು, ಭುಜ, ಕುತ್ತಿಗೆ. ಅಲ್ಲಿಯ ಮಾಂಸದ ಎಳೆಗಳನ್ನು ಕೊಲಾಜನ್ ಎಂಬ ಗಟ್ಟಿಯಾದ ಪದಾರ್ಥವು ಕಟ್ಟಿಹಿಡಿದಿರುತ್ತದೆ. ಆದುದರಿಂದ ಆ ಮಾಂಸ ಬಿರುಸು. ಬಿರುಸಾದುದರಿಂದಲೇ ಸಾಮಾನ್ಯವಾಗಿ ಅಗ್ಗ. ಶಾಖವು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಮಾಂಸದ ಎಳೆಗಳು ಕುಗ್ಗಿ ತಮ್ಮಲ್ಲಿರುವ ನೀರನ್ನು ಹೊರಕ್ಕೆ ಹಿಂಡುತ್ತವೆ. ಆಗ ಒಲೆಯಿಂದ ಇಳಿಸಿದರೆ ಅದು ಚರ್ಮದಂತಿರುವುದು. ಆದರೆ 75-80 ಡಿಗ್ರಿಗೂ ಮೇಲಿನ ಶಾಖದಲ್ಲಿ ನೀರಿನೊಡನೆ ಹಲವು ಗಂಟೆ ಇದ್ದರೆ ಕೊಲಾಜನ್ ಬಿಚ್ಚಿಕೊಂಡು ಜೆಲಾಟಿನ್ ಆಗಿ ಕರಗುತ್ತದೆ. ಎಳೆಗಳು ಒಂದರಿಂದೊಂದು ಬಿಡುತ್ತವೆ, ಸಾರು ಮಂದವಾಗುತ್ತದೆ. ಹೀಗೆ ಬಡವನ ಮಾಂಸವು ಕಾಲದ ಬಲದಿಂದ ಮೃದುವಾಗುವುದು. ಮೊದಲೇ ಮೃದುವಾದ ಮಾಂಸವನ್ನು ಹೀಗೆ ಬೇಯಿಸಿದರೆ ಅದು ಒಣಗಿ ನಾರಾಗುವುದು ಎಂಬುದನ್ನೂ ನೆನಪಿಡತಕ್ಕದ್ದು.

ಒತ್ತಡದ ಕುಕ್ಕರಿನಲ್ಲಿ ಶಾಖವು ಸುಮಾರು 120 ಡಿಗ್ರಿಗೆ ಏರುವುದರಿಂದ ಇದೇ ಕೆಲಸ ಒಂದು ಗಂಟೆಯೊಳಗೆ ಆಗಿಬಿಡುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯನ್ನು ಮೀರಲಾರದು. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ನಮ್ಮ ಊರಿನಲ್ಲಿ 98ಕ್ಕೇ ಕುದಿಯುತ್ತದೆ. ಹಾಗಾದರೆ ನಿಧಾನದ ಗಡಿಗೆಯ ಪ್ರಯೋಜನವೇನು? ಅದು ಬೇಯುತ್ತಿರುವಾಗ ಯಾರೂ ಹತ್ತಿರ ನಿಂತು ಕಾಯಬೇಕಾಗಿಲ್ಲ. ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವ ತಾಯಿಗೆ ಇದು ಸಣ್ಣ ಮಾತಲ್ಲ.

ಈ ಗಡಿಗೆಯ ರಚನೆ ಸರಳವಾದುದು. ಒಳಗೆ ದಪ್ಪನೆಯ ಪಿಂಗಾಣಿಯ ಪಾತ್ರೆ. ಅದರ ಸುತ್ತ ಲೋಹದ ಕವಚ. ಕವಚದೊಳಗೆ ವಿದ್ಯುತ್ತಿನಿಂದ ಕಾಯುವ ತಂತಿ. ಮೇಲೆ ಗಾಜಿನ ಮುಚ್ಚಳ. ‘ಮಂದ’, ‘ಜೋರು’ ಎಂಬ ಎರಡು ಗುರುತುಗಳುಂಟು. ಎರಡರಲ್ಲಿಯೂ ಶಾಖವು ಕೊನೆಗೆ ಕುದಿಬಿಂದುವಿನ ಸಮೀಪಕ್ಕೇ ತಲುಪುತ್ತದೆ. ಮಂದದಲ್ಲಿ ತಡವಾಗಿ ತಲುಪುತ್ತದೆ, ಅಷ್ಟೇ. ಅಮೆರಿಕೆಯ ಇರ್ವಿಂಗ್ ನ್ಯಾಕ್ಸನ್ ಎಂಬವರು ಇಂಥ ಗಡಿಗೆಗೆ 1940ರಲ್ಲಿ ಹಕ್ಕುಪತ್ರ ಪಡೆದರು. 1971ರಲ್ಲಿ ಅದು ‘ಕ್ರಾಕ್ ಪಾಟ್’ ಎಂಬ ಹೆಸರಿನಿಂದ ಅಲ್ಲಿ ಮನೆಮಾತಾಯಿತು. ಅದಕ್ಕಿಂತ ಬಹು ಮೊದಲೇ, 1910ರಲ್ಲಿ, ಕಲ್ಕತ್ತೆಯ ಇಂದುಮಾಧವ ಮಲ್ಲಿಕರು ‘ಇಕ್ಮಿಕ್’ ಎಂಬ ಕುಕ್ಕರನ್ನು ರಚಿಸಿದ್ದರು. ಕೆಳಗೆ ಇದ್ದಲಿನ ಬೆಂಕಿ, ಮೇಲೆ ಒಂದರ ಮೇಲೊಂದು ಡಬ್ಬಿಗಳು. ಹಬೆಯಲ್ಲಿ ಊಟವೆಲ್ಲ ತಾನಾಗಿ ಬೇಯುವಂತೆ ಅದನ್ನು ಯೋಜಿಸಿದ್ದರು.

ಗಡಿಗೆಗೆ ತಗಲುವ ವಿದ್ಯುತ್ತನ್ನು ನೀವೇ ಲೆಕ್ಕ ಮಾಡಬಹುದು. 200 ವ್ಯಾಟಿನ ಗಡಿಗೆಯನ್ನು 8 ಗಂಟೆ ಇಟ್ಟರೆ 1600 ವ್ಯಾಟ್-ಗಂಟೆ, ಅಂದರೆ 1.6 ಯೂನಿಟ್.

ಈಗ ಅಡಿಗೆಯ ಕ್ರಮ. 2015ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಹಸು, ಹೋರಿ, ಎತ್ತುಗಳ ವಧೆ ನಿಷಿದ್ಧ. ಎಮ್ಮೆ ಕೋಣಗಳು ಆ ನಿಷೇಧದಲ್ಲಿ ಸೇರಿಲ್ಲ. ಆ ಮನೆಯಲ್ಲಿ ಬಳಸುವುದು ಎಮ್ಮೆಯ ಕಾಲಿನ ಮಾಂಸ. ಐದು ಜನರಿಗೆ ಮುಕ್ಕಾಲು ಕಿಲೋ ಮಾಂಸ, 200 ಗ್ರಾಂ ಅಣಬೆ, ಮೂರು ಈರುಳ್ಳಿ, ಎರಡು ಟೊಮೇಟೊ, ಎರಡು ಚಮಚ ಶುಂಠಿ-ಬೆಳ್ಳುಳ್ಳಿಯ ಮುದ್ದೆ, ಎರಡು ಚಮಚ ಮಸಾಲೆ ಖಾರ, ಎರಡು ಚಮಚ ಎಣ್ಣೆ, ರುಚಿಗೆ ತಕ್ಕಷ್ಟು ಉಪ್ಪು, ಒಂದು ಲೋಟ ನೀರು. ಈರುಳ್ಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಲಾಸಲಗಾಂವದ ಪೇಟೆ ದೇಶಕ್ಕೆಲ್ಲ ಪ್ರಸಿದ್ಧವಾದುದು.

ಮಾಂಸವನ್ನು ಎರಡು ಅಂಗುಲದ ತುಂಡುಗಳಾಗಿ ಮಾಡಿ, ತೇವವನ್ನು ಒರೆಸಿ, ಕಾದ ಬಾಣಲೆಯಲ್ಲಿ ಎಣ್ಣೆ ಹಾಕಿ ಕೆಂಪಾಗುವಂತೆ ಹುರಿಯಬೇಕು. ಈ ಹೆಜ್ಜೆಯನ್ನು ಬಿಡತಕ್ಕದ್ದಲ್ಲ. ಕೆಂಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಕ್ರಿಯೆಯನ್ನು ಫ್ರಾನ್ಸಿನ ಮೈಯಾರ್ ಎಂಬವರು 1912ರಲ್ಲಿ ವಿವರಿಸಿದರು. ಅದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಶಾಖ ಬೇಕು. ನೀರಿರುವ ಗಡಿಗೆಯಲ್ಲಿ ಅಷ್ಟು ಶಾಖ ಬರುವುದೇ ಇಲ್ಲ. ಬಳಿಕ ಅದೇ ಬಾಣಲೆಯಲ್ಲಿ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಖಾರಗಳನ್ನು ಬಾಡಿಸಿ, ಟೊಮೇಟೊ ಸೇರಿಸಿ, ಎಲ್ಲವನ್ನೂ ಮಾಂಸ, ಅಣಬೆ, ಉಪ್ಪು, ಬಿಸಿನೀರುಗಳೊಡನೆ ಗಡಿಗೆಗೆ ಹಾಕಿ ಮುಚ್ಚಿ, ಮಂದ ಉರಿಯಲ್ಲಿ ಎಂಟು ಗಂಟೆ ಇಡಬೇಕು. ಮುಚ್ಚಳದೊಳಗಿನ ಹಬೆ ಮತ್ತೆ ಕೆಳಗೇ ಇಳಿಯುವುದರಿಂದ ನೀರು ಹೆಚ್ಚು ಬೇಡ. ನಡುವೆ ಮುಚ್ಚಳ ತೆರೆದು ನೋಡುವ ಚಪಲವೂ ಬೇಡ. ಹೋದ ಶಾಖ ತಿರುಗಿ ಬರಲು ಬಹಳ ಹೊತ್ತು ಬೇಕಾಗುತ್ತದೆ.

ಎಂಟು ಗಂಟೆ ಬೆಂದರೂ ಅಣಬೆ ಕರಗಿಹೋಗದಿರುವುದು ನಿಮಗೆ ಆಶ್ಚರ್ಯವಾಗಬಹುದು. ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅದು ಶಿಲೀಂಧ್ರ. ಅದರ ಕೋಶಗಳ ಗೋಡೆ ಕೈಟಿನ್ ಎಂಬ ಪದಾರ್ಥದಿಂದಾದುದು. ಜೀರುಂಡೆಯ ಹೊರಚಿಪ್ಪಿನಲ್ಲಿಯೂ ಏಡಿಯ ಕವಚದಲ್ಲಿಯೂ ಇರುವುದು ಅದೇ. ಅಡಿಗೆಯ ಶಾಖಕ್ಕೆ ಅದು ಜಗ್ಗುವುದಿಲ್ಲ. ರುಚಿಗೂ ಒಂದು ಕಾರಣವುಂಟು. ಜಪಾನಿನ ಇಕೆಡಾ ಎಂಬ ವಿಜ್ಞಾನಿ 1908ರಲ್ಲಿ ಗ್ಲುಟಮೇಟ್ ಎಂಬುದೊಂದು ಪ್ರತ್ಯೇಕ ರುಚಿಯ ಮೂಲವೆಂದು ತೋರಿಸಿದರು. ಅಣಬೆಯಲ್ಲಿರುವ ಗ್ಲುಟಮೇಟೂ ಮಾಂಸದಲ್ಲಿರುವ ಇನೋಸಿನೇಟೂ ಕೂಡಿದಾಗ ಒಂದು ಇನ್ನೊಂದರ ರುಚಿಯನ್ನು ಹೆಚ್ಚಿಸುತ್ತದೆ.

ಆದರೆ ಅಣಬೆಯನ್ನು ಅಂಗಡಿಯಿಂದಲೇ ತರಬೇಕು. ಮಳೆ ಬಿದ್ದೊಡನೆ ಬಯಲಿನಲ್ಲಿ ಏಳುವ ನಾಯಿಕೊಡೆಗಳನ್ನು ಕಿತ್ತು ತರುವ ಸಾಹಸ ಎಂದಿಗೂ ಬೇಡ. ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆಂಬ ಮಾತು ಸುಳ್ಳು. ಅತಿ ಭಯಂಕರವಾದ ಅಣಬೆಗಳ ವಿಷ ಕುದಿಸುವುದರಿಂದ ನಾಶವಾಗುವುದಿಲ್ಲ.

ಇನ್ನೂ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಆ ಮನೆಯಲ್ಲಿ ನೋಡಿ ಬಂದ ಮೇಲೆ ನಾನೂ ಒಂದು ಗಡಿಗೆಯನ್ನು ಕೊಂಡೆನು. ಒಂದು ದಿನ ಗಾಳಿಮಳೆಗೆ ವಿದ್ಯುತ್ತು ಹೋಗಿತ್ತು. ಸಂಜೆ ಬಂದು ನೋಡಿದರೆ ಗಡಿಗೆ ಉಗುರುಬೆಚ್ಚಗಿತ್ತು. ಎಷ್ಟು ಹೊತ್ತು ಹಾಗಿತ್ತೋ ತಿಳಿಯಲಿಲ್ಲ. ಚೆಲ್ಲಲು ಮನಸ್ಸು ಬಾರದೆ, ಒಲೆಯ ಮೇಲೆ ಕುದಿಸಿ ಉಂಡೆನು. ಎರಡು ದಿನ ಹಾಸಿಗೆ ಹಿಡಿದೆನು. ತಪ್ಪು ನನ್ನದೇ. 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ರೋಗಾಣುಗಳು ಶೀಘ್ರವಾಗಿ ಬೆಳೆಯುತ್ತವೆ. ಮರಳಿ ಕುದಿಸಿದರೆ ಅವು ಸಾಯಬಹುದು. ಆದರೆ ಅವುಗಳಲ್ಲಿ ಕೆಲವು ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಅಡಿಗೆ ಎರಡು ಗಂಟೆಗಿಂತ ಹೆಚ್ಚು ಹಾಗೆ ಇದ್ದರೆ, ಅಥವಾ ಎಷ್ಟು ಹೊತ್ತು ಇತ್ತೆಂದು ತಿಳಿಯದಿದ್ದರೆ, ಚೆಲ್ಲುವುದೇ ಲೇಸು.

ಎರಡನೆಯದು, ಮಾಂಸ ತಿನ್ನದ ಮನೆಗಳವರಿಗೆ. ಕಡಲೆ, ಬಟಾಣಿ, ಅಣಬೆಗಳನ್ನು ಈ ಗಡಿಗೆಯಲ್ಲಿ ಸೊಗಸಾಗಿ ಬೇಯಿಸಬಹುದು. ಆದರೆ ರಾಜ್ಮಾ ಕಾಳನ್ನು ಹಸಿಯಾಗಿ ಹಾಕತಕ್ಕದ್ದಲ್ಲ. ಅದರಲ್ಲಿ ಸಹಜವಾಗಿಯೇ ಒಂದು ವಿಷವಿದೆ. ಮಂದ ಶಾಖದಲ್ಲಿ ಅದು ಅಳಿಯದೆ ಉಳಿಯುವುದು. ರಾತ್ರಿ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕನಿಷ್ಠ 10 ನಿಮಿಷ, ಅರ್ಧ ಗಂಟೆಯಾದರೆ ಇನ್ನೂ ಮೇಲು, ಚೆನ್ನಾಗಿ ಕುದಿಸಿ ಆಮೇಲೆ ಗಡಿಗೆಗೆ ಹಾಕಬೇಕು.

ಮಕ್ಕಳೇ, ಒಬ್ಬರ ಮನೆಯಲ್ಲಿ ಬೇಯುವುದನ್ನು ಇನ್ನೊಬ್ಬರು ಉಣ್ಣಲೇಬೇಕೆಂಬ ನಿಯಮವಿಲ್ಲ. ಆದರೆ ಊಟದ ಡಬ್ಬಿಯನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಂದೆತಾಯಿಗಳೆಲ್ಲ ಊರು ಬಿಟ್ಟು ದುಡಿಯಲು ಬಂದವರು. ದಣಿದು ಬಂದ ಮೇಲೂ ಮಕ್ಕಳಿಗೆ ಬಿಸಿಯಾಗಿ ಬಡಿಸಬೇಕೆಂಬ ಆಸೆ ಎಲ್ಲ ಮನೆಗಳಲ್ಲಿಯೂ ಒಂದೇ.

ಆ ಹುಡುಗನಿಗೆ ಪ್ರಬಂಧವನ್ನು ಮತ್ತೊಮ್ಮೆ ಬರೆಯಲು ಹೇಳಿದೆನು. ಈ ಸಲ ಎರಡು ಪುಟ ಬರೆದನು. ತರಗತಿಯಲ್ಲಿ ತಾನೇ ಎದ್ದು ನಿಂತು ಓದಿದನು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಮಾತ್ರ, “ಅಣಬೆ ಎಷ್ಟೊತ್ತಿಗೆ ಹಾಕ್ಬೇಕು?” ಎಂದು ಕೇಳಿದಳು.