ಹಳೆಯ ಪಿಕಪ್‌ಗೆ ಬೇರೆ ಇಂಜಿನ್: ಮುಂಗಡ ಕೊಡುವ ಮುನ್ನ



ಪಶುವೈದ್ಯರಿಗೇಕೆ ಇಂಜಿನ್ನಿನ ವಿಚಾರ ಎಂದು ನೀವು ಕೇಳಬಹುದು. ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ ಕಡೆಯ ಸಂಘಗಳಿಗೆ ಹೋದಾಗ ಗರ್ಭ ಕಟ್ಟದ ಹಸು, ಕೆಚ್ಚಲು ಬಾವು ಇವುಗಳ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಬಹಳ ಸಲ ಇದೇ ಆಗಿರುತ್ತದೆ: "ಸಾರ್, ಗಾಡಿ ಚಾಸಿ ಗಟ್ಟಿಯಾಗಿದೆ, ಇಂಜಿನ್ ಮಾತ್ರ ಹೋಗಿದೆ. ಬೇರೆ ಡೀಸೆಲ್ ಇಂಜಿನ್ ಕೂರಿಸಿಬಿಡಲೇ?" ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಮೇವು ಮತ್ತು ಪಶು ಆಹಾರದ ಚೀಲ, ಸಂಜೆ ಮಾರುಕಟ್ಟೆಗೆ ತರಕಾರಿ ಹೊರುವ ಗಾಡಿ ಅದು. ಅದು ನಿಂತರೆ ಮನೆಯ ಅರ್ಧ ಕೆಲಸ ನಿಂತಂತೆ.

ಹಾಲಿಗೂ ಇದಕ್ಕೂ ನೇರ ಸಂಬಂಧವಿದೆ. ಕರೆದ ಹಾಲು ಹಸುವಿನ ಮೈಶಾಖದಲ್ಲಿರುತ್ತದೆ. ಅದನ್ನು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸದಿದ್ದರೆ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುವಷ್ಟು ವೇಗದಲ್ಲಿ ಬೆಳೆಯಬಲ್ಲವು. ಬೇಸಿಗೆಯಲ್ಲಿ ಕ್ಯಾನು ತುಂಬಿದ ಗಾಡಿ ಎರಡು ಗಂಟೆ ದಾರಿಯಲ್ಲಿ ನಿಂತರೆ ನಷ್ಟ ಗಾಡಿಯವನೊಬ್ಬನದಲ್ಲ, ಆ ಹಾದಿಯಲ್ಲಿ ಹಾಲು ಹಾಕಿದ ಎಲ್ಲರದೂ ಹೌದು. ಆದ್ದರಿಂದ ಇಂಜಿನ್ ಆರಿಸುವಾಗ ಶಕ್ತಿಗಿಂತ ಮೊದಲು ನೋಡಬೇಕಾದದ್ದು ನಂಬಿಕೆ.

ಮೊದಲನೆಯದಾಗಿ, ಇಂಜಿನ್ ನಿಜವಾಗಿಯೂ ಹೋಗಿದೆಯೇ ಎಂಬುದನ್ನು ತಿಳಿಯಿರಿ. ರೋಗ ಗೊತ್ತಾಗದೆ ಔಷಧ ಕೊಡಬಾರದಷ್ಟೆ. ಕಪ್ಪು ಹೊಗೆ ಬಂದರೆ ಹೆಚ್ಚಾಗಿ ನಾಜಲ್, ಪಂಪು ಅಥವಾ ಕಟ್ಟಿಕೊಂಡ ಏರ್ ಫಿಲ್ಟರ್ ಕಾರಣ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ನಾಜಲ್ ಬದಲಿಸಿ ಪಂಪ್ ಕ್ಯಾಲಿಬ್ರೇಷನ್ ಮಾಡಿಸಿದರೆ ಸರಿಹೋಗುವ ಗಾಡಿಗೂ ಇಂಜಿನ್ ಬದಲಿಸಬೇಕೆಂದು ಹೇಳುವವರಿದ್ದಾರೆ. ಕಂಪ್ರೆಷನ್ ಅಳತೆ ಮಾಡಿಸದೆ ಯಾರ ಮಾತನ್ನೂ ಒಪ್ಪಬೇಡಿ. ಬ್ಲಾಕ್ ಬಿರುಕು ಬಿಟ್ಟಿಲ್ಲ, ಕ್ರ್ಯಾಂಕ್ ಸರಿಯಿದೆ ಎಂದಾದರೆ ಬೋರ್ ಮಾಡಿಸಿ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವುದೇ ನನ್ನ ದೃಷ್ಟಿಯಲ್ಲಿ ಮೊದಲ ಆಯ್ಕೆ. ಇದರಲ್ಲಿ ಇಂಜಿನ್ ಸಂಖ್ಯೆಯೂ ಬದಲಾಗುವುದಿಲ್ಲ.

ಬ್ಲಾಕೇ ಹೋಗಿದ್ದರೆ ಬದಲಿಸುವುದು ಅನಿವಾರ್ಯ. ಇಲ್ಲಿ ಊರಿನ ಹಿರಿಯರು ಹೇಳುವ ಹಳೆಯ ಅನುಭವವನ್ನು ಸ್ವಲ್ಪ ಎಚ್ಚರಿಕೆಯಿಂದ ಕೇಳಬೇಕು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲದಲ್ಲಿ ಪೆಟ್ರೋಲ್ ಜೀಪುಗಳ ಇಂಜಿನ್ ಇಳಿಸಿ ಮೆಟಡಾರ್ ಇಂಜಿನ್ನನ್ನೋ, ಕೈಗೆ ಸಿಕ್ಕ ಇನ್ನಾವುದೋ ಡೀಸೆಲ್ ಇಂಜಿನ್ನನ್ನೋ ಕೂರಿಸಿದ್ದುಂಟು. ಅವು ವರ್ಷಗಟ್ಟಲೆ ಓಡಿದ್ದೂ ಉಂಟು. ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ 2014ರ ಅಕ್ಟೋಬರಿನಲ್ಲಿ ಹೋಯಿತು. ಆ ಅಗ್ಗದ ಲೆಕ್ಕ ಈಗ ಹಾಗಿಲ್ಲ. ಕಾನೂನಿನ ಲೆಕ್ಕವೂ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್.ಸಿ. ಪುಸ್ತಕದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಬೇರೆ ಕಂಪನಿಯ ಇಂಜಿನ್ ಕೂರಿಸಿ ಫಿಟ್‌ನೆಸ್‌ಗೆ ಹೋದರೆ ಅಲ್ಲಿಯೇ ನಿಲ್ಲಬೇಕಾದೀತು. ಅದಕ್ಕಿಂತ ಕಷ್ಟದ್ದು ಅಪಘಾತ. ಗಾಡಿಯಲ್ಲಿರುವ ಇಂಜಿನ್ ಸಂಖ್ಯೆಗೂ ಆರ್.ಸಿ.ಗೂ ತಾಳೆಯಾಗದಿದ್ದರೆ ವಿಮಾ ಕಂಪನಿ ತಕರಾರು ತೆಗೆಯಲು ಬೇರೆ ಕಾರಣ ಬೇಕಾಗುವುದಿಲ್ಲ.

ಹೀಗಾಗಿ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ: ನಿಮ್ಮ ಗಾಡಿಯಿಂದ ಇಳಿದ ಇಂಜಿನ್ನಿನ ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್. ಒಂದೇ ಕಂಪನಿಯದಾದರೆ ಸಾಕು ಎಂದು ತಿಳಿಯಬಾರದು. ಮಹೀಂದ್ರದ ಹಳೆಯ ಗಾಡಿಗಳಲ್ಲಿ ಪ್ಯೂಜೊ ಮೂಲದ 2112 ಸಿ.ಸಿ. ಇಂಜಿನ್ ಇತ್ತು, ಅನಂತರದವುಗಳಲ್ಲಿ 2523 ಸಿ.ಸಿ.ಯ ಡಿ.ಐ. ಇಂಜಿನ್ ಬಂತು. ಟಾಟಾ ಪಿಕಪ್‌ಗಳಲ್ಲಿ ಮೊದಲು 1948 ಸಿ.ಸಿ.ಯದು, 207 ಡಿ.ಐ.ನಲ್ಲಿ 2956 ಸಿ.ಸಿ.ಯದು. ಹೆಸರು ಒಂದೇ ಆದರೂ ಇವು ಬೇರೆ ಬೇರೆ ತಳಿಗಳು.

ಡಿ.ಐ. ಎಂದರೆ ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮಿಸುವ ಇಂಜಿನ್. ಹಳೆಯ ಪ್ಯೂಜೊ ಮತ್ತು 1948 ಸಿ.ಸಿ. ಇಂಜಿನ್ನುಗಳಲ್ಲಿ ಡೀಸೆಲ್ ಮೊದಲು ಹೆಡ್ಡಿನಲ್ಲಿರುವ ಚಿಕ್ಕ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಕೆಳಗೆ ಬರುತ್ತದೆ. ಈ ಬಗೆಯದರಲ್ಲಿ ಸದ್ದು, ಅದುರುವಿಕೆ ಕಡಿಮೆ. ಆದರೆ ಚಳಿಯ ಬೆಳಗಿನಲ್ಲಿ ಹೀಟರ್ ಪ್ಲಗ್ ಇಲ್ಲದೆ ಹತ್ತುವುದಿಲ್ಲ, ಡೀಸೆಲ್ಲೂ ಹೆಚ್ಚು ಬೇಕು. ಡಿ.ಐ.ನಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಉಳಿತಾಯ ಸಿಗುತ್ತದೆ. ಈ ಉಳಿತಾಯದ ಆಸೆಗೇ ಬಹಳ ಮಂದಿ ಬೇರೆ ಇಂಜಿನ್ ಹುಡುಕುವುದು. ಲೆಕ್ಕ ಹಾಕಿ ನೋಡೋಣ. ಗಾಡಿ ದಿನಕ್ಕೆ 60 ಕಿ.ಮೀ. ಓಡುತ್ತದೆ, ಲೀಟರಿಗೆ 9 ಕಿ.ಮೀ. ಇದ್ದದ್ದು 11 ಆಯಿತು ಎಂದುಕೊಳ್ಳಿ. ದಿನಕ್ಕೆ ಉಳಿಯುವುದು ಸುಮಾರು 1.2 ಲೀಟರ್, ತಿಂಗಳಿಗೆ 36 ಲೀಟರ್. ಲೀಟರಿಗೆ 90 ರೂಪಾಯಿಯಂತೆ 3,240 ರೂಪಾಯಿ. ಇಂಜಿನ್, ಗೇರ್ ಬಾಕ್ಸ್, ಕೂಲಿ ಎಲ್ಲ ಸೇರಿ ಒಂದು ಲಕ್ಷವಾದರೆ ಆ ಹಣ ವಾಪಸು ಬರಲು ಎರಡೂವರೆ ವರ್ಷ ದಾಟುತ್ತದೆ. ಅಷ್ಟರಲ್ಲಿ ಒಂದು ಒಳ್ಳೆಯ ಮಿಶ್ರತಳಿ ಹಸು ಎರಡು ಕರು ಹಾಕಿರುತ್ತದೆ!

ಗೇರ್ ಬಾಕ್ಸ್ ಎಂದೆ. ಬೇರೆ ಮಾದರಿಯ ಇಂಜಿನ್ ಬಂದರೆ ಅದೊಂದೇ ಬರುವುದಿಲ್ಲ. ಬೆಲ್ ಹೌಸಿಂಗ್ ಕೂಡದಿದ್ದರೆ ನಡುವೆ ಪ್ಲೇಟ್ ಕಟ್ಟಿಸಬೇಕು, ಫೌಂಡೇಷನ್ ಬೆಸುಗೆ ಹಾಕಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ರೇಡಿಯೇಟರ್ ದೊಡ್ಡದು ಬೇಕು, ಭಾರಕ್ಕೆ ಮುಂದಿನ ಪಟ್ಟೆಗಳನ್ನು ಬಲಪಡಿಸಬೇಕು. ಲೇತಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕ್ಲಚ್ಚು, ಗೇರ್ ಬಾಕ್ಸಿನ ಬೇರಿಂಗು ಪದೇ ಪದೇ ಹೋಗುತ್ತವೆ. ಹಿಂದಿನ ಆಕ್ಸಲ್ಲಿನ ಲೆಕ್ಕವೂ ಬೇರೆ. ಹಳೆಯ ಪೆಟ್ರೋಲ್ ಜೀಪಿನ ಆಕ್ಸಲ್ಲಿನಲ್ಲಿ ಚಕ್ರ ಒಂದು ಸುತ್ತು ಬರಲು ಶಾಫ್ಟ್ 5.38 ಸುತ್ತು ತಿರುಗಬೇಕು. ಚಕ್ರದ ಸುತ್ತಳತೆ 2.2 ಮೀಟರ್ ಎಂದರೆ, ನಿಮಿಷಕ್ಕೆ 3000 ಸುತ್ತಿನ ಡೀಸೆಲ್ ಇಂಜಿನ್ ಟಾಪ್ ಗೇರಿನಲ್ಲಿ ಗಂಟೆಗೆ 73 ಕಿ.ಮೀ. ಮಾತ್ರ ಓಡಿಸಬಲ್ಲದು. ಹಾಲಿನ ಕ್ಯಾನಿಗೆ ಅಷ್ಟು ಸಾಕು. ಆದರೆ ಕೋಲಾರದ ಹೆದ್ದಾರಿಯಲ್ಲಿ ಇಂಜಿನ್ನನ್ನು ಇಡೀ ದಾರಿ ಅರಚಿಸಿ ಓಡಿಸುವವರಿಗೆ ಸಾಲದು.

ಬ್ರೇಕಿನ ವಿಷಯವನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಬೂಸ್ಟರ್ ಇರುವ ಪೆಟ್ರೋಲ್ ಗಾಡಿಯಲ್ಲಿ ಬೂಸ್ಟರ್ ಕೆಲಸ ಮಾಡುವುದು ಇಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತದಿಂದ. ಡೀಸೆಲ್ ಇಂಜಿನ್ನಿನಲ್ಲಿ ಆ ನಿರ್ವಾತ ಇರುವುದಿಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು, ಅನೇಕ ಗಾಡಿಗಳಲ್ಲಿ ಅದು ಡೈನಮೋ ಹಿಂದೆ ಇರುತ್ತದೆ. ಗುಜರಿಯಿಂದ ಇಂಜಿನ್ ತರುವಾಗ ಡೈನಮೋ ಬಿಟ್ಟು ತಂದು, ಸಾದಾ ಡೈನಮೋ ಹಾಕಿಸಿದರೆ ಪೆಡಲ್ ಕಲ್ಲಿನಂತಾಗುತ್ತದೆ. ಇಪ್ಪತ್ತು ಕ್ಯಾನು ತುಂಬಿದರೆ ಹಾಲೇ 800 ಲೀಟರ್, ಅಂದರೆ 820 ಕಿಲೋಗೂ ಮೇಲೆ. ಆ ಭಾರ ಇಳಿಜಾರಿನಲ್ಲಿ ನಿಲ್ಲಬೇಕು.

ಅಪಘಾತವಾದ ಹೊಸ ಗಾಡಿಯ ಕಾಮನ್ ರೈಲ್ ಇಂಜಿನ್ ಅಗ್ಗಕ್ಕೆ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬೇಡ. ಅದರ ವೈರಿಂಗ್, ಸೆನ್ಸರ್, ಕಂಪ್ಯೂಟರ್ ಎಲ್ಲವೂ ಜೊತೆಗೆ ಬರಬೇಕು. ಕೆಟ್ಟರೆ ಹಳ್ಳಿಯಲ್ಲಿ ಸ್ಪ್ಯಾನರಿನಿಂದ ಸರಿಯಾಗುವಂಥದ್ದಲ್ಲ. ಮೈಕೋ ಪಂಪಿನ ಹಳೆಯ ಇಂಜಿನ್ನಿಗೆ ರಿಪೇರಿ ಮಾಡುವವರು ಹೊಸಕೋಟೆ ಪಟ್ಟಣದಲ್ಲೇ ಸಿಗುತ್ತಾರೆ. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ನಮ್ಮವರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ.

ಹಳೆಯ ಇಂಜಿನ್ ಕೊಳ್ಳಲು ಶಿವಾಜಿನಗರಕ್ಕೋ ಇನ್ನೆಲ್ಲಿಗೋ ಹೋದಾಗ ದನದ ಜಾತ್ರೆಯಲ್ಲಿ ಕಲಿತದ್ದನ್ನು ಮರೆಯಬೇಡಿ. ಒಂದು ಹೊತ್ತು ಹಾಲು ಕರೆಯದೆ ಕೆಚ್ಚಲು ಉಬ್ಬಿಸಿ ತಂದ ಹಸುವಿನಂತೆಯೇ, ನೀವು ಬರುವ ಮೊದಲೇ ಕಾಯಿಸಿಟ್ಟ ಇಂಜಿನ್. ಮೊದಲು ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ತಣ್ಣಗಿರುವಾಗ ಹತ್ತಿಸಿ, ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಎಂದು ನುಗ್ಗಬಾರದು. ಡಿಪ್ ಸ್ಟಿಕ್ಕಿನ ಆಯಿಲ್ ಟೀ ಬಣ್ಣದ ಕೆನೆಯಂತಿದ್ದರೆ ನೀರು ಸೇರಿದೆ. ಇಂಜಿನ್ ಸಂಖ್ಯೆ ಉಜ್ಜಿದ ಗುರುತಿದ್ದರೆ ಬೆಲೆ ಕೇಳುವ ಅಗತ್ಯವೇ ಇಲ್ಲ. ಬಿಲ್ಲು ಹಾಗೂ ಆ ಇಂಜಿನ್ ಇದ್ದ ಗಾಡಿಯ ನೋಂದಣಿ ರದ್ದಾದ ಪತ್ರದ ನಕಲು ಎರಡನ್ನೂ ಪಡೆಯಿರಿ. ಕಳವಿನ ಮಾಲಾದರೆ ಠಾಣೆಗೆ ಅಲೆಯುವವರು ನೀವೇ.

ಮುಂಗಡ ಕೊಡುವ ಮುನ್ನ ಆರ್.ಟಿ.ಓ. ಕಛೇರಿಯಲ್ಲಿ ಲಿಖಿತ ಅನುಮತಿ ಕೇಳಿ. ಬದಲಾವಣೆಯನ್ನು 14 ದಿನಗಳೊಳಗೆ ತಿಳಿಸಬೇಕೆಂಬ ಮಾತೂ ಅದೇ 52ನೇ ಕಲಮಿನಲ್ಲಿದೆ. ಅದನ್ನೇ ನೆಪ ಮಾಡಿ ಮೊದಲು ಕೂರಿಸಿ ಆಮೇಲೆ ಹೋಗುವುದು ಬೇಡ. ಗಾಡಿಗೆ 15 ವರ್ಷ ಸಮೀಪಿಸಿದ್ದರೆ ಫಿಟ್‌ನೆಸ್, ಮರುನೋಂದಣಿಯ ಶುಲ್ಕವನ್ನೂ ಅಂದೇ ಕೇಳಿ ತಿಳಿಯಿರಿ. 2022ರ ಏಪ್ರಿಲ್‌ನಿಂದ ಅದು ಸಾಕಷ್ಟು ಏರಿದೆ. ಇಂಜಿನ್ನಿನ ಖರ್ಚಿಗೆ ಅದನ್ನೂ ಸೇರಿಸಿದಾಗ, ಹಳೆಯದನ್ನು ಮಾರಿ ಕಾಗದಪತ್ರ ಸರಿಯಿರುವ ಗಾಡಿ ಕೊಳ್ಳುವುದೇ ಲೇಸೆಂದು ಕಂಡರೂ ಕಾಣಬಹುದು.

ಇಂಜಿನ್ ಕೂತ ಮೇಲೆ ಡೀಸೆಲ್ ಪೈಪಿನ ಎಲ್ಲ ಕೀಲುಗಳನ್ನೂ, ಮುಖ್ಯವಾಗಿ ನಾಜಲ್ಲಿನಿಂದ ಟ್ಯಾಂಕಿಗೆ ಮರಳುವ ಸಣ್ಣ ಪೈಪನ್ನು, ಮೊದಲ ವಾರ ದಿನಾಲೂ ಒರೆಸಿ ನೋಡಿ. ಹಾಲು ವಾಸನೆಯನ್ನು ಬಹುಬೇಗ ಹೀರುತ್ತದೆ. ಕ್ಯಾನಿನ ಹಲಗೆಯ ಮೇಲೆ ಡೀಸೆಲ್ ಬಿದ್ದಿದ್ದರೆ ಸೋಪಿನ ಬಿಸಿನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆಯೇ ಕ್ಯಾನ್ ಏರಿಸಿ.