ಸ್ಥಾನಬಲವೇ ಕಾಂತಬಲ

ಕಬ್ಬಿಣ ಮತ್ತು ಆಮ್ಲಜನಕದ ಜೊತೆ ನಿಕಲ್, ಸತು, ಮ್ಯಾಂಗನೀಸ್, ಕೋಬಾಲ್ಟ್‌ಗಳಂಥ ಇನ್ನೊಂದು ಲೋಹ ಬೆರೆತರೆ ಫೆರೈಟ್ ಎಂಬ ಕಪ್ಪನೆಯ, ಪಿಂಗಾಣಿಯಂಥ ವಸ್ತು ಸಿಗುತ್ತದೆ. ಲ್ಯಾಪ್‌ಟಾಪ್ ವೈರಿನಲ್ಲಿ ಕಾಣುವ ದಪ್ಪ ಉಬ್ಬಿನೊಳಗೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಆಂಟೆನಾ ಕಡ್ಡಿಯಲ್ಲಿ ಇರುವುದು ಇದೇ. ಇದರ ಒಂದು ಗುಣ ಮಾತ್ರ ಸಾಮಾನ್ಯ ತರ್ಕಕ್ಕೆ ದಕ್ಕುವುದಿಲ್ಲ. ನಿಕಲ್ ಫೆರೈಟಿನಿಂದ ಕಾಲುಭಾಗ ನಿಕಲ್ ತೆಗೆದು ಆ ಜಾಗಕ್ಕೆ ಸತುವನ್ನು ಸೇರಿಸಿ, ಅತಿ ಕಡಿಮೆ ತಾಪಮಾನದಲ್ಲಿ ಅಳೆದರೆ, ಕಾಂತಬಲ ಎರಡು ಪಟ್ಟಿನ ಸಮೀಪಕ್ಕೆ ಏರಿರುತ್ತದೆ. ಸತುವಿನ ಅಯಾನಿಗೋ ಸ್ವಂತದ ಕಾಂತಬಲವೇ ಇಲ್ಲ. ಬಲವಿಲ್ಲದ್ದನ್ನು ಸೇರಿಸಿದಾಗ ಬಲ ಹೆಚ್ಚುವುದಾದರೆ, ಫೆರೈಟಿನಲ್ಲಿ ಯಾವ ಲೋಹ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದೇ ಮುಖ್ಯವೆಂದಾಯಿತು.

ಫೆರೈಟಿನ ಹರಳಿನಲ್ಲಿ ಲೋಹದ ಅಯಾನುಗಳಿಗೆ ಎರಡು ಬಗೆಯ ಸ್ಥಾನಗಳಿವೆ. ಒಂದರ ಸುತ್ತ ನಾಲ್ಕು ಆಮ್ಲಜನಕಗಳು, ಇನ್ನೊಂದರ ಸುತ್ತ ಆರು. ತುಂಬಿರುವ ಆರರ ಸ್ಥಾನಗಳ ಸಂಖ್ಯೆ ನಾಲ್ಕರದ್ದಕ್ಕೆ ಎರಡರಷ್ಟು. ಈ ಎರಡು ಗುಂಪುಗಳ ಕಾಂತಬಲ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ ಎಂದು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ವಿವರಿಸಿದರು. 1970ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಸಂದಿತು. ಹಗ್ಗಜಗ್ಗಾಟದ ಹಾಗೆ, ಹೊರಗೆ ಕಾಣುವುದು ಎರಡು ಬಣಗಳ ಬಲದ ವ್ಯತ್ಯಾಸ ಮಾತ್ರ. ಲೆಕ್ಕ ಸರಳ. ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ ಫೆರೈಟಿನ ಕಬ್ಬಿಣದ ಅಯಾನಿನ ಬಲ 5, ನಿಕಲ್‌ನದು 2, ಸತುವಿನದು ಸೊನ್ನೆ. ನಿಕಲ್ ಫೆರೈಟಿನ ಚಿಕ್ಕ ಬಣದಲ್ಲಿ (ನಾಲ್ಕರ ಸ್ಥಾನಗಳಲ್ಲಿ) ಒಂದು ಕಬ್ಬಿಣ, ಅಂದರೆ 5. ದೊಡ್ಡ ಬಣದಲ್ಲಿ ಒಂದು ಕಬ್ಬಿಣ, ಒಂದು ನಿಕಲ್, ಅಂದರೆ 7. ಉಳಿದದ್ದು 2. ಸತುವಿಗೆ ನಾಲ್ಕು ಆಮ್ಲಜನಕಗಳ ನಡುವಿನ ಜಾಗವೇ ಇಷ್ಟ. ಕಾಲುಭಾಗ ಸತು ಬಂದಾಗ ಅದು ಚಿಕ್ಕ ಬಣಕ್ಕೆ ಸೇರಿ, ತನ್ನಷ್ಟೇ ಕಬ್ಬಿಣವನ್ನು ಅಲ್ಲಿಂದ ದೊಡ್ಡ ಬಣಕ್ಕೆ ಅಟ್ಟುತ್ತದೆ. ಚಿಕ್ಕ ಬಣ 3.75ಕ್ಕೆ ಇಳಿಯುತ್ತದೆ, ದೊಡ್ಡದು 7.75ಕ್ಕೆ ಏರುತ್ತದೆ. ವ್ಯತ್ಯಾಸ 4.

ಹಾಗಾದರೆ ಸತುವನ್ನು ಸುರಿಯುತ್ತಾ ಹೋಗಬಹುದಲ್ಲ ಎಂದು ಕೇಳಬಹುದು. ಆಗದು. ದೊಡ್ಡ ಬಣದ ಅಯಾನುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದು ಎದುರು ಬಣದ ಒತ್ತಡದಿಂದ. ಎದುರು ಬಣ ತೀರಾ ಸೊರಗಿದರೆ ಅವು ತಮ್ಮತಮ್ಮಲ್ಲೇ ವಾಲಿಕೊಳ್ಳುತ್ತವೆ. ಸತು ಅರ್ಧದ ಆಸುಪಾಸು ತಲುಪಿದ ಮೇಲೆ ಬಲ ಕುಸಿಯುತ್ತದೆ. ಕಾಂತಗುಣ ಅಳಿಯುವ ತಾಪಮಾನವೂ ಕೆಳಗಿಳಿಯುತ್ತದೆ. ಗಟ್ಟಿಯಾಗಿ ಸುಟ್ಟು ಮಾಡಿದ ಪೂರ್ಣ ಸತು ಫೆರೈಟ್ ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತವೇ ಅಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಗಾತ್ರದ್ದು. ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟಿರುವ, ಅಂದರೆ ಹತ್ತು ನ್ಯಾನೊಮೀಟರಿನ ಕಣದಲ್ಲಿ ಎಲ್ಲವನ್ನೂ ಗಾತ್ರವೇ ನಿರ್ಧರಿಸುತ್ತದೆ ಎಂಬ ವಾದ ಅದು. ಇದರಲ್ಲಿ ಸತ್ಯವಿದೆ. ಕಣ ಕಿರಿದಾದಷ್ಟೂ ಮೇಲ್ಮೈಯ ಅಯಾನುಗಳ ಪಾಲು ಹೆಚ್ಚುತ್ತದೆ, ಅಲ್ಲಿ ನೆರೆಯ ಅಯಾನುಗಳು ಕಡಿಮೆಯಾದ್ದರಿಂದ ಶಿಸ್ತು ಕೆಡುತ್ತದೆ, ಒಟ್ಟು ಬಲ ತಗ್ಗುತ್ತದೆ. ಇನ್ನೂ ಕಿರಿದಾದರೆ ಬರಿಯ ಶಾಖವೇ ಕಣದ ಕಾಂತದಿಕ್ಕನ್ನು ಮಗುಚಿಹಾಕುತ್ತದೆ. ಆದರೆ ಎಷ್ಟು ಕಿರಿದಾದಾಗ ಎಂಬುದನ್ನು ಹೇಳುವುದು ಸಂಯೋಜನೆಯೇ. ಆರು ಆಮ್ಲಜನಕಗಳ ನಡುವೆ ಕೂತ ಕೋಬಾಲ್ಟ್, ಕಾಂತದಿಕ್ಕನ್ನು ಹರಳಿನ ಅಕ್ಷಕ್ಕೆ ಬಿಗಿಯಾಗಿ ಕಟ್ಟುತ್ತದೆ. ಬರಿಯ ಕಬ್ಬಿಣದ ಮ್ಯಾಗ್ನೆಟೈಟಿಗಿಂತ ಹತ್ತು ಪಟ್ಟಿಗೂ ಮಿಗಿಲಾದ ಬಿಗಿ ಅದು. ಸ್ಥೂಲ ಲೆಕ್ಕದಲ್ಲಿ, ಮ್ಯಾಗ್ನೆಟೈಟ್ ಕಣ 25 ನ್ಯಾನೊಮೀಟರಿನ ಆಸುಪಾಸಿನಲ್ಲೇ ಕೋಣೆಯ ಉಷ್ಣತೆಗೆ ಸೋತು ದಿಕ್ಕು ಬಿಟ್ಟರೆ, ಕೋಬಾಲ್ಟ್ ಫೆರೈಟ್ 10ರ ಸಮೀಪದವರೆಗೂ ಹಿಡಿದು ನಿಲ್ಲುತ್ತದೆ. ಈ ಭೇದವನ್ನೇ ದುಡಿಸಿಕೊಂಡು ದಕ್ಷಿಣ ಕೊರಿಯಾದ ಯೋನ್ಸೆ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಬಿಗಿಯಾದ ಕೋಬಾಲ್ಟ್ ಫೆರೈಟಿನ ತಿರುಳಿಗೆ ಮೃದುವಾದ ಮ್ಯಾಂಗನೀಸ್ ಫೆರೈಟಿನ ಕವಚ ತೊಡಿಸಿತು. ಕ್ಯಾನ್ಸರ್ ಗಡ್ಡೆಯನ್ನು ಒಳಗಿನಿಂದಲೇ ಬಿಸಿಮಾಡಿ ಕೊಲ್ಲುವ ಚಿಕಿತ್ಸೆಗಾಗಿ ರೂಪಿಸಿದ ಈ ಕಣಗಳು ಸಾಮಾನ್ಯ ಐರನ್ ಆಕ್ಸೈಡ್ ಕಣಗಳಿಗಿಂತ ಹಲವು ಪಟ್ಟು ಹೆಚ್ಚು ಶಾಖ ಕೊಟ್ಟವು.

ಕೊನೆಯ ಆಕ್ಷೇಪವೊಂದಿದೆ: ಗಟ್ಟಿ ರೂಪದಲ್ಲಿ ಅಯಸ್ಕಾಂತವಲ್ಲದ ಸತು ಫೆರೈಟ್, ನ್ಯಾನೊಕಣವಾದಾಗ ಕಾಂತಗುಣ ತೋರುತ್ತದೆ. ಸಂಯೋಜನೆ ಒಂದೇ, ಗುಣ ಬೇರೆ. ಮೇಲ್ನೋಟಕ್ಕೆ ಇಡೀ ವಾದವನ್ನೇ ಬುಡಮೇಲು ಮಾಡುವಂತಿರುವ ಈ ಸಂಗತಿಯೇ ಅದಕ್ಕೆ ದೊಡ್ಡ ಆಧಾರ. ಬೇಗನೆ, ಕಡಿಮೆ ಶಾಖದಲ್ಲಿ ತಯಾರಾದ ಕಣದಲ್ಲಿ ಅಯಾನುಗಳಿಗೆ ತಮ್ಮ ಜಾಗ ಹುಡುಕಿಕೊಳ್ಳಲು ಪುರಸೊತ್ತಿರುವುದಿಲ್ಲ. ಒಂದಿಷ್ಟು ಸತು ಆರರ ಸ್ಥಾನದಲ್ಲಿ ಸಿಕ್ಕಿಬೀಳುತ್ತದೆ, ಅಷ್ಟೇ ಕಬ್ಬಿಣ ನಾಲ್ಕರ ಸ್ಥಾನಕ್ಕೆ ಬರುತ್ತದೆ; ಎರಡು ಬಣಗಳೂ ಮತ್ತೆ ಹುಟ್ಟುತ್ತವೆ. ಅದೇ ಪುಡಿಯನ್ನು ಹೆಚ್ಚು ಶಾಖದಲ್ಲಿ ಕಾಯಿಸಿ ನಿಧಾನವಾಗಿ ಆರಿಸಿದರೆ ಸತು ತನ್ನ ಜಾಗಕ್ಕೆ ಮರಳಿ, ಕಾಂತಗುಣ ಕುಗ್ಗುತ್ತದೆ.

ಆದ್ದರಿಂದಲೇ ತಯಾರಿಯ ವಿಧಾನವೂ ಸಂಯೋಜನೆಯ ಭಾಗವೆಂದು ನಾವು ಎಣಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಳೆಸಿದ ದಹನ ವಿಧಾನದಲ್ಲಿ ಲೋಹದ ನೈಟ್ರೇಟುಗಳ ದ್ರಾವಣಕ್ಕೆ ಯೂರಿಯಾದಂಥ ಇಂಧನ ಬೆರೆಸಿ ಕಾಯಿಸುತ್ತಾರೆ. ಅದು ಹೊತ್ತಿಕೊಂಡು ನಿಮಿಷಗಳಲ್ಲಿ ಹಗುರವಾದ ಆಕ್ಸೈಡ್ ಪುಡಿ ಉಳಿಯುತ್ತದೆ. ಫೆರೈಟುಗಳನ್ನೂ ಹೀಗೆ ತಯಾರಿಸಬಹುದು. ದುಬಾರಿ ಯಂತ್ರಗಳಿಲ್ಲದ ಕಾಲೇಜಿಗೂ ಎಟುಕುವ ದಾರಿಯಿದು. ಆದರೆ ಇಂಧನ ಬದಲಾದರೆ ಜ್ವಾಲೆಯ ಶಾಖ ಬದಲಾಗುತ್ತದೆ, ಅದರೊಡನೆ ಅಯಾನುಗಳ ಹಂಚಿಕೆಯೂ ಬದಲಾಗಬಹುದು. ರಾಸಾಯನಿಕ ಸೂತ್ರವನ್ನಷ್ಟೇ ಬರೆದು ಕಾಂತಬಲದ ಅಂಕಿ ಕೊಡುವ ವರದಿ ಅರ್ಧ ವರದಿ. ಯಾವ ಅಯಾನು ಯಾವ ಸ್ಥಾನದಲ್ಲಿದೆ ಎಂದು ಅಳೆದು ಹೇಳಿದಾಗಲೇ ಆ ಅಂಕಿಯನ್ನು ನಂಬಿ ಇನ್ನೊಬ್ಬರು ಅದೇ ಕಣವನ್ನು ಮತ್ತೆ ತಯಾರಿಸಬಲ್ಲರು. ರೋಗಿಯ ದೇಹದೊಳಗೆ ಹೋಗಬೇಕಾದ ಕಣಕ್ಕಂತೂ ಇದಕ್ಕಿಂತ ಕಡಿಮೆ ಖಾತರಿ ಸಾಲದು.